ಮಲಮಕ್ಕಳೂ ಮನೆಯ ಮೇರೆಗಳೂ

ಪ್ರೀತಿಯನ್ನು ಆಜ್ಞೆಯಿಂದ ಹುಟ್ಟಿಸಬಹುದೋ ಎಂಬದು ಹಳೆಯ ಪ್ರಶ್ನೆ. ಇದು ಪಂಡಿತರು ಮಾತ್ರವೇ ವಿಚಾರಿಸತಕ್ಕದ್ದೆಂದು ನಾವು ಎಣಿಸುವದುಂಟು. ಆದರೆ ಹೆಂಡತಿಯನ್ನು ಕಳೆದುಕೊಂಡವನು ಎರಡನೆಯ ಮದುವೆಯಾದಾಗಲೂ, ಗಂಡನನ್ನು ಕಳೆದುಕೊಂಡವಳು ತನ್ನ ಮಕ್ಕಳ ಕೈಹಿಡಿದು ಹೊಸ ಮನೆಯ ಹೊಸ್ತಿಲನ್ನು ದಾಟಿದಾಗಲೂ ಅದೇ ಪ್ರಶ್ನೆಯು ನಮ್ಮ ಅಡಿಗೆಮನೆಗೂ ಪಡಸಾಲೆಗೂ ಬಂದು ಕೂತುಕೊಳ್ಳುತ್ತದೆ. ಮದುವೆಯಲ್ಲಿ ಗಂಡಹೆಂಡರು ಒಬ್ಬರಿಗೊಬ್ಬರು ಮಾತುಕೊಡುತ್ತಾರೆ; ಮಕ್ಕಳು ಯಾವ ಮಾತನ್ನೂ ಕೊಟ್ಟಿರುವದಿಲ್ಲ, ಅವರನ್ನು ಯಾರೂ ಕೇಳಿರುವದೂ ಇಲ್ಲ. ಹೀಗಿರಲು ಮಲಮಗುವು ಮನೆಯ ಮೇರೆಗಳನ್ನು ಮೀರಿದರೆ ಹಿರಿಯರು ಏನು ಮಾಡತಕ್ಕದ್ದು? ಅದನ್ನು ತಿದ್ದುವ ಅಧಿಕಾರವು ಮಲತಾಯಿಗೂ ಮಲತಂದೆಗೂ ಎಲ್ಲಿಂದ ಬರುತ್ತದೆ? ಇದನ್ನು ಕುರಿತು ವಾಚಕರ ಸಂಗಡ ಸ್ವಲ್ಪ ಆಲೋಚಿಸಬೇಕೆಂದಿದ್ದೇವೆ.

ಮೊದಲು ಒಂದು ಅನ್ಯಾಯವನ್ನು ಹೇಳಿಬಿಡೋಣ. ನಮ್ಮ ನಾಡಿನಲ್ಲಿ ಮಲತಾಯಿಯ ಹೆಸರೇ ಒಂದು ಬೈಗುಳವಾಗಿದೆ. ತಂದೆಯ ತೊಡೆಯಿಂದ ಧ್ರುವನನ್ನು ತಳ್ಳಿಸಿದ ಸುರುಚಿಯ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಸರಕಾರವು ಒಂದು ಸೀಮೆಯನ್ನು ಅಲಕ್ಷ್ಯಮಾಡಿದರೆ ಅದಕ್ಕೆ ಮಲತಾಯಿ ಧೋರಣೆ ಎಂದು ಪತ್ರಿಕೆಗಳು ಇಂದಿಗೂ ಬರೆಯುತ್ತವೆ. ಹೀಗಾಗಿ ಎರಡನೆಯ ಹೆಂಡತಿಯಾಗಿ ಬಂದವಳು ಒಲೆಯ ಮುಂದೆ ಇನ್ನೂ ಕೂತಿರುವದಿಲ್ಲ, ಅಷ್ಟರಲ್ಲಿಯೇ ಆಕೆಯ ಮೇಲೆ ತೀರ್ಪು ಆಗಿಹೋಗಿರುತ್ತದೆ. ನೆರೆಯ ಹೆಂಗಸರು ಮಗುವನ್ನು ಬಾವಿಯ ಕಟ್ಟೆಯ ಬಳಿಯಲ್ಲಿ ನಿಲ್ಲಿಸಿ, “ಏನು ಮಗಾ, ಚಿಕ್ಕವ್ವ ಹೊಟ್ಟೆತುಂಬ ಹಾಕುತ್ತಾಳೋ?” ಎಂದು ಕೇಳುತ್ತಾರೆ. ಕೇಳುವವರು ಕನಿಕರವೆಂದೆಣಿಸುತ್ತಾರೆ, ಆದರೆ ಆ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಸಂಶಯದ ಬೀಜವನ್ನು ಬಿತ್ತುತ್ತದೆ. ಸಭೆಯವರಾದ ನಾವು ಈ ಮಾತನ್ನು ಇಂದಿನಿಂದಲೇ ಬಿಡುವದು ಒಳ್ಳೇದು.

ಇನ್ನು ಮಗುವಿನ ಕಡೆಗೆ ನೋಡೋಣ. ತಾಯಿಯನ್ನು ಕಳೆದುಕೊಂಡ ಹತ್ತು ಹನ್ನೊಂದು ವರುಷದ ಒಬ್ಬ ಹುಡುಗನಿದ್ದಾನೆಂದು ಎಣಿಸಿಕೊಳ್ಳಿರಿ. ಹೊಸ ತಾಯಿಯ ಸಂಗಡ ಆಕೆಯ ಇಬ್ಬರು ಮಕ್ಕಳೂ ಬಂದಿದ್ದಾರೆ. ಹುಡುಗನು ಆಕೆಯ ಟ್ರಂಕನ್ನು ಕೇಳದೆ ತೆಗೆಯುತ್ತಾನೆ. ಚಿಕ್ಕವನ ಬಳಪವನ್ನೂ ಅಂಗಿಯನ್ನೂ ತನ್ನದೆಂದು ಎಳೆದುಕೊಳ್ಳುತ್ತಾನೆ. ಗಂಡಹೆಂಡರು ಮಾತಾಡುವಾಗ ನಡುವೆ ಬಂದು ನಿಲ್ಲುತ್ತಾನೆ. ಇಲ್ಲಿಯ ಮಾತನ್ನು ಅಜ್ಜಿಯ ಮನೆಗೂ ಅಲ್ಲಿಯ ಮಾತನ್ನು ಇಲ್ಲಿಗೂ ಒಯ್ಯುತ್ತಾನೆ. ಯಾವದಾದರೂ ಕೆಲಸವನ್ನು ಹೇಳಿದರೆ, “ನೀನು ನನ್ನ ತಾಯಿಯಲ್ಲ” ಎಂದು ಎದುರುತ್ತರ ಕೊಡುತ್ತಾನೆ. ಇದನ್ನು ಕಂಡವರು ಹುಡುಗನು ಕೆಟ್ಟನೆಂದು ಬೇಗನೆ ಹೇಳಿಬಿಡುತ್ತಾರೆ. ಆದರೆ ಸ್ವಲ್ಪ ತಾಳಿರಿ. ಹಳೆಯ ಮನೆಯಲ್ಲಿ ಯಾವ ಮೂಲೆಯು ತನ್ನದು, ಯಾರ ಪಕ್ಕದಲ್ಲಿ ಮಲಗತಕ್ಕದ್ದು, ಹಸಿವಾದರೆ ಯಾವ ಪಾತ್ರೆಯ ಮುಚ್ಚಳವನ್ನು ತೆಗೆಯಬಹುದು ಎಂಬದೆಲ್ಲಾ ಅವನಿಗೆ ಗೊತ್ತಿತ್ತು. ತಾಯಿಯ ಸಂಗಡ ಆ ಗುರುತುಗಳೆಲ್ಲಾ ಅಳಿದುಹೋದವು. ಹೊಸ ಗುರುತುಗಳನ್ನು ಯಾರೂ ಅವನಿಗೆ ತೋರಿಸಲಿಲ್ಲ. ಆದದರಿಂದ ಅವನು ಒಂದೊಂದನ್ನೇ ತಟ್ಟಿ ನೋಡುತ್ತಾನೆ. ಅವನ ತುಂಟತನದ ಅಡಿಯಲ್ಲಿ ಒಂದು ಪ್ರಶ್ನೆ ಅಡಗಿದೆ: ಈ ಮನೆಯಲ್ಲಿ ನನ್ನ ಪಾಲಿನ ಜಾಗ ಎಲ್ಲಿಯ ವರೆಗೆ ಇದೆ? ಅದಲ್ಲದೆ, ಹೊಸ ತಾಯಿಯನ್ನು ಪ್ರೀತಿಸಿದರೆ ಸತ್ತುಹೋದ ತಾಯಿಗೆ ದ್ರೋಹಮಾಡಿದಂತಾಗುವದೋ ಎಂಬ ಭಯವೂ ಇಂಥ ಮಕ್ಕಳಲ್ಲಿ ಅನೇಕರಿಗೆ ಇರುತ್ತದೆ.

ಈಗ ನಮ್ಮ ಮೊದಲನೆಯ ಪ್ರಶ್ನೆಗೆ ಬರೋಣ. ಮಲಮಗುವನ್ನು ಹೆತ್ತ ಮಗುವಿನಂತೆಯೇ ಪ್ರೀತಿಸಬೇಕೆಂದು ಹೊಸ ತಾಯಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಆಕೆಯೂ ಪ್ರಯತ್ನಿಸುತ್ತಾಳೆ, ಆದರೆ ಮನಸ್ಸು ಹೇಳಿದಂತೆ ಕೇಳುವದಿಲ್ಲ. ಆಗ ಆಕೆಯು ತನ್ನನ್ನೇ ಪಾಪಿಯೆಂದು ಎಣಿಸಿ ಒಳಗೊಳಗೇ ಕುಗ್ಗುತ್ತಾಳೆ, ಇಲ್ಲವೆ ಇಲ್ಲದ ಪ್ರೀತಿಯನ್ನು ತೋರಿಸಲು ಹೋಗಿ ಮಗುವಿಗೆ ಹೇಸಿಗೆಯನ್ನುಂಟುಮಾಡುತ್ತಾಳೆ. ಯಾಕಂದರೆ ಮಕ್ಕಳು ನಟನೆಯನ್ನು ದೊಡ್ಡವರಿಗಿಂತ ಬೇಗನೆ ಗುರುತಿಸುತ್ತಾರೆ. ಆದದರಿಂದ ನಾವು ಹೇಳುವದೇನಂದರೆ: ಪ್ರೀತಿಯು ಹುಟ್ಟುವದಕ್ಕೆ ಕಾಲ ಬೇಕು, ನ್ಯಾಯವನ್ನು ನಡಿಸುವದಕ್ಕೆ ಕಾಲ ಬೇಕಾಗಿಲ್ಲ. ಮಲತಾಯಿಯೂ ಮಲತಂದೆಯೂ ಮೊದಲನೆಯ ದಿವಸದಿಂದಲೇ ಸಲ್ಲಿಸಬಹುದಾದ ಮತ್ತು ಸಲ್ಲಿಸಲೇಬೇಕಾದ ಸಾಲವು ನ್ಯಾಯವೇ. ಮಗುವಿಗೆ ಸಲ್ಲತಕ್ಕ ಜಾಗವನ್ನು ಮೊದಲು ಗೊತ್ತುಮಾಡಿ ಕೊಡದವನಿಗೆ, ಆ ಮಗುವು ಮೇರೆಯನ್ನು ಮೀರಿತೆಂದು ಹೇಳುವ ಅಧಿಕಾರವಿಲ್ಲ.

ಒಕ್ಕಲು ಮಕ್ಕಳಾದ ವಾಚಕರಿಗೆ ಇದು ಸುಲಭವಾಗಿ ತಿಳಿಯುವದು. ಎರಡು ಹೊಲಗಳ ನಡುವೆ ಬದು ಇಲ್ಲದಿದ್ದರೆ ನೇಗಿಲು ಪಕ್ಕದ ಹೊಲಕ್ಕೆ ಹೋಗುವದು ಆಶ್ಚರ್ಯವಲ್ಲ. ಕಲ್ಲು ನೆಟ್ಟ ಮೇಲೆಯೇ ಒತ್ತಿದವನು ಯಾರೆಂದು ಕೇಳಬಹುದು. ಮತ್ತು ಬದುವು ಒಬ್ಬನನ್ನು ಮಾತ್ರ ತಡೆಯುವದಿಲ್ಲ. ಅದು ಈಚೆಯವನನ್ನೂ ಆಚೆಯವನನ್ನೂ ಸಮವಾಗಿ ತಡೆಯುತ್ತದೆ. ಜ್ಞಾನೋಕ್ತಿಗಳ 23ನೆಯ ಅಧ್ಯಾಯದಲ್ಲಿ ಪೂರ್ವಕಾಲದ ಮೇರೆಯನ್ನು ತೆಗೆಯಬಾರದೆಂಬ ಮಾತೂ ತಂದೆಯಿಲ್ಲದವರ ಹೊಲಗಳೊಳಗೆ ನುಗ್ಗಬಾರದೆಂಬ ಮಾತೂ ಒಂದೇ ಕಡೆಯಲ್ಲಿ ಸೇರಿರುವದು ವಿಚಾರಿಸತಕ್ಕದ್ದು. ಅಲ್ಲಿ ಎಚ್ಚರಿಕೆಯು ದಿಕ್ಕಿಲ್ಲದ ಮಗುವಿಗಲ್ಲ, ಬಲವುಳ್ಳ ನೆರೆಯವನಿಗೆ ಕೊಡಲ್ಪಟ್ಟಿದೆ. ಹಾಗೆಯೇ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ, ಇಬ್ಬರು ಹೆಂಡರುಳ್ಳವನು ತಾನು ಮೆಚ್ಚಿದವಳ ಮಗನಿಗೋಸ್ಕರ ಮೆಚ್ಚದವಳ ಚೊಚ್ಚಲಮಗನ ಹಕ್ಕನ್ನು ಕಸಿಯಬಾರದೆಂದು ವಿಧಿಸಿದೆ. ಮೆಚ್ಚದವಳನ್ನು ಮೆಚ್ಚಬೇಕೆಂದು ಆ ವಿಧಿಯು ಹೇಳುವದಿಲ್ಲ. ಮನಸ್ಸು ಎತ್ತ ವಾಲಿದರೂ ಪಾಲು ವಾಲಬಾರದೆಂದು ಹೇಳುತ್ತದೆ.

ಇದಕ್ಕೆ ದೃಷ್ಟಾಂತವಾಗಿ ದೂರದೇಶದ ಒಂದು ಮನೆಯನ್ನು ನೋಡೋಣ. ಅಮೇರಿಕ ದೇಶದ ಅಧ್ಯಕ್ಷನಾಗಿ ಗುಲಾಮರ ಬಿಡುಗಡೆಗೆ ಕಾರಣನಾದ ಅಬ್ರಹಾಂ ಲಿಂಕನನ ಹೆತ್ತ ತಾಯಿಯು 1818ರಲ್ಲಿ ತೀರಿಹೋದಳು. ಆಗ ಅವನು ಒಂಬತ್ತು ವರುಷದವನು. ಮರುವರುಷ ಅವನ ತಂದೆಯು ಸಾರಾ ಬುಷ್ ಜಾನ್‌ಸ್ಟನ್ ಎಂಬ ವಿಧವೆಯನ್ನು ಮದುವೆಯಾಗಿ ಇಂಡಿಯಾನಾ ಸೀಮೆಯಲ್ಲಿದ್ದ ತನ್ನ ಮರದ ಗುಡಿಸಲಿಗೆ ಕರೆತಂದನು. ಆಕೆಯ ಸಂಗಡ ಆಕೆಯ ಮೂವರು ಮಕ್ಕಳು ಬಂದರು. ಲಿಂಕನನೂ ಅವನ ಅಕ್ಕನೂ ಅವರ ಆಶ್ರಯದಲ್ಲಿದ್ದ ಒಬ್ಬ ಸಂಬಂಧಿಕನೂ ಸೇರಿ ಆ ಚಿಕ್ಕ ಗುಡಿಸಲಿನಲ್ಲಿ ಎಂಟು ಮಂದಿಯಾದರು. ಜಗಳಕ್ಕೆ ಇದಕ್ಕಿಂತ ಒಳ್ಳೇ ಹೊಲ ಬೇಕೇ? ಆದರೆ ಆ ತಾಯಿಯು ಎರಡು ಬಳಗದ ಮಕ್ಕಳಿಗೂ ಒಂದೇ ಬಗೆಯ ಆರೈಕೆಯನ್ನು ಮಾಡಿದಳು. ಆಕೆಗೆ ಓದುಬರಹವಿರಲಿಲ್ಲ, ಆದರೂ ಮಲಮಗನು ಓದುತ್ತಿರುವಾಗ ಅವನನ್ನು ಎಬ್ಬಿಸದೆ, ತಾನಾಗಿ ಪುಸ್ತಕವನ್ನು ಮುಚ್ಚುವ ತನಕ ಬಿಡುತ್ತಿದ್ದೆವೆಂದು ಆಕೆಯು 1865ರಲ್ಲಿ, ಅವನು ಕೊಲ್ಲಲ್ಪಟ್ಟ ಕೆಲವು ತಿಂಗಳುಗಳ ಮೇಲೆ, ಅವನ ಚರಿತ್ರೆಯನ್ನು ಬರೆಯಲು ಬಂದವನಿಗೆ ತಿಳಿಸಿದಳು. ಹುಡುಗನ ಓದು ಅವನ ಮೇರೆಯಾಗಿತ್ತು. ಆಕೆಯು ಅದನ್ನು ಒತ್ತಲಿಲ್ಲ.

ಅದರ ಫಲವನ್ನೂ ನೋಡಿರಿ. ಲಿಂಕನನು ದೊಡ್ಡವನಾದ ಮೇಲೆ, 1841ರಲ್ಲಿ, ತಂದೆಯ 40 ಎಕರೆ ಭೂಮಿಯನ್ನು ಹಣಕೊಟ್ಟು ಕೊಂಡುಕೊಂಡು, ತಂದೆತಾಯಿಗಳು ಬದುಕಿರುವ ವರೆಗೆ ಅದನ್ನು ಅನುಭವಿಸುವಂತೆ ಬಿಟ್ಟನು. 1851ರಲ್ಲಿ ತಂದೆಯು ತೀರಿಹೋದನು. ಆಗ ಆ ತಾಯಿಯ ಸ್ವಂತ ಮಗನು ಅದನ್ನು ಮಾರಿ ಬೇರೆ ಸೀಮೆಗೆ ಹೋಗಬೇಕೆಂದಿದ್ದನು. ಲಿಂಕನನು ಅವನಿಗೆ ಕಾಗದಗಳನ್ನು ಬರೆದು, ತಾಯಿಯ ಜೀವನಕ್ಕೆ ಆಧಾರವಾದ ಭೂಮಿಯನ್ನು ಮಾರಗೊಡೆನೆಂದು ಕಟ್ಟುನಿಟ್ಟಾಗಿ ತಿಳಿಸಿದನು. ಹೆತ್ತ ಮಗನು ತೆಗೆಯಬೇಕೆಂದಿದ್ದ ಮೇರೆಯ ಕಲ್ಲನ್ನು ಮಲಮಗನು ಕಾಯ್ದನು! ಬಾಲ್ಯದಲ್ಲಿ ತನ್ನ ಮೇರೆಯನ್ನು ಕಾಯ್ದವಳ ಮೇರೆಯನ್ನು ಅವನು ಪ್ರಾಯದಲ್ಲಿ ಕಾಯ್ದನೆಂದು ಹೇಳಿದರೆ ತಪ್ಪಾಗದು.

ಹಾಗಾದರೆ ನಮ್ಮ ಮನೆಗಳಲ್ಲಿ ಈ ಕಲ್ಲುಗಳನ್ನು ನೆಡುವದು ಹೇಗೆ?

ಮೊದಲನೆಯದು, ಕಲ್ಲನ್ನು ನೆಡತಕ್ಕವರು ಹೆತ್ತವರು. ತಂದೆಯು ಹೊಲಕ್ಕೋ ಪೇಟೆಗೋ ಹೊರಟುಹೋಗಿ, ಮಕ್ಕಳನ್ನು ತಿದ್ದುವ ಭಾರವನ್ನೆಲ್ಲಾ ಹೊಸ ಹೆಂಡತಿಯ ತಲೆಯ ಮೇಲೆ ಹಾಕಿ, ಸಂಜೆಗೆ ಬಂದು ದೂರುಗಳನ್ನು ಕೇಳುವ ನ್ಯಾಯಾಧಿಪತಿಯಾಗುವದು ಹೇಡಿತನ. ಅವನು ಹೆಂಡತಿಯ ಸಂಗಡ ಮೊದಲು ಏಕಾಂತದಲ್ಲಿ ಗೊತ್ತುಮಾಡಿಕೊಂಡು, ಆ ಮೇಲೆ ಎಲ್ಲಾ ಮಕ್ಕಳನ್ನು ಕೂಡಿಸಿ, “ಇದು ನಮ್ಮಿಬ್ಬರ ಮಾತು, ನಾನಿಲ್ಲದಾಗ ಚಿಕ್ಕವ್ವನ ಮಾತು ನನ್ನ ಮಾತೇ” ಎಂದು ತನ್ನ ಬಾಯಿಂದಲೇ ಹೇಳಬೇಕು. ಮಲತಂದೆಯಿರುವ ಮನೆಯಲ್ಲಿ ತಾಯಿಯು ಹೀಗೆ ಮಾಡಬೇಕು.

ಎರಡನೆಯದು, ನೇಮಗಳು ಸ್ವಲ್ಪವಾಗಿರಲಿ, ಎಲ್ಲರಿಗೂ ಒಂದೇ ಆಗಿರಲಿ. ಬೇರೊಬ್ಬರ ಪೆಟ್ಟಿಗೆಯನ್ನು ಕೇಳದೆ ತೆಗೆಯಬಾರದೆಂದರೆ ಹೆತ್ತ ಮಗುವೂ ತೆಗೆಯಬಾರದು, ಹಿರಿಯರೂ ತೆಗೆಯಬಾರದು. ಮಲಮಗುವಿಗೂ ತನ್ನದೆಂಬ ಒಂದು ಪೆಟ್ಟಿಗೆಯೋ ಗೂಡೋ ಇರಲಿ. ಅದರಲ್ಲಿ ಅದು ತನ್ನ ತಾಯಿಯ ಪಟವನ್ನೂ ಹಳೆಯ ಸೀರೆಯ ತುಂಡನ್ನೂ ಇಟ್ಟುಕೊಂಡರೆ ಯಾರೂ ಹಾಸ್ಯಮಾಡಬಾರದು. ಸತ್ತವಳ ವಿಷಯವಾಗಲಿ ಆಕೆಯ ತವರಿನವರ ವಿಷಯವಾಗಲಿ ಮಗುವಿನ ಮುಂದೆ ಕೆಟ್ಟ ಮಾತಾಡಬಾರದು. “ಅವ್ವಾ” ಎಂದು ಕರೆಯೆಂದು ಬಲವಂತಮಾಡಬಾರದು. “ಚಿಕ್ಕವ್ವ” ಎಂಬದು ಗೌರವದ ಹೆಸರೇ.

ಮೂರನೆಯದು, ಮೇರೆಯನ್ನು ಮೀರಿದಾಗ ಕೊಡುವ ಶಿಕ್ಷೆಯು ತಪ್ಪಿಗೆ ತಕ್ಕದ್ದಾಗಿರಲಿ. ಎಳೆದುಕೊಂಡದ್ದನ್ನು ತಿರುಗಿ ಕೊಡಲಿ, ಮುರಿದದ್ದನ್ನು ಸರಿಮಾಡಲು ಕೈಹಾಕಲಿ. ಅನ್ನವನ್ನು ಎಂದಿಗೂ ಶಿಕ್ಷೆಯ ಸಾಧನವಾಗಿ ಮಾಡಬಾರದು. ಹೆತ್ತ ತಾಯಿಯು ಸಿಟ್ಟಿನಲ್ಲಿ ಒಂದು ಹೊತ್ತಿನ ರೊಟ್ಟಿಯನ್ನು ತಪ್ಪಿಸಿದರೆ ಮಗುವು ಮರುದಿನ ಮರೆಯಬಹುದು. ಮಲತಾಯಿಯು ತಪ್ಪಿಸಿದರೆ ಅದು ಮುಪ್ಪಿನ ವರೆಗೂ ನೆನಪಿನಲ್ಲಿ ಉಳಿಯುವದು. ಹೊಡೆತವೂ ಹಾಗೆಯೇ. “ನೀನು ನನ್ನ ತಾಯಿಯಲ್ಲ” ಎಂಬ ಮಾತಿಗೆ ಕೈ ಎತ್ತುವದರಿಂದ ಉತ್ತರವಾಗದು. “ನಿಜ, ನಿನ್ನ ತಾಯಿಯ ಜಾಗ ಆಕೆಯದೇ, ಆದರೆ ಈ ಮನೆಯಲ್ಲಿ ತಟ್ಟೆಯನ್ನು ತೊಳೆದಿಡುವದು ಎಲ್ಲರ ಕೆಲಸ” ಎಂದು ಶಾಂತವಾಗಿ ಹೇಳಿದರೆ ಸಾಕು. ಮಾತು ನಿಜವಾದದ್ದರಿಂದ ಮಗುವಿಗೆ ಎದುರು ಹೇಳಲು ಏನೂ ಉಳಿಯುವದಿಲ್ಲ.

ನಾಲ್ಕನೆಯದು, ಶರೀರದ ಮೇರೆ. ಬೇರೆ ಬೇರೆ ತಾಯಿತಂದೆಗಳ ಮಕ್ಕಳು ಒಂದೇ ಮನೆಯಲ್ಲಿ ಬೆಳೆಯುವಾಗ ಮಲಗುವ ಜಾಗವೂ ಸ್ನಾನದ ಮರೆಯೂ ಬೇರೆಯಾಗಿರಬೇಕು. ಬಡತನದಲ್ಲಿಯೂ ಒಂದು ಸೀರೆಯನ್ನು ಅಡ್ಡಕಟ್ಟಬಹುದು. ಮಗುವು ಮುಟ್ಟಬೇಡವೆಂದರೆ ಮುಟ್ಟಬಾರದು. ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರು ಯಾರು? ಇಂಥ ಸಂಗತಿಯನ್ನು ಮಗುವು ಹೇಳಿದರೆ ಮನೆಯ ಮಾನಕ್ಕೋಸ್ಕರ ಮುಚ್ಚಿಡುವದು ಪಾಪವು ಮಾತ್ರವಲ್ಲ, 2012ರ ಮಕ್ಕಳ ರಕ್ಷಣೆಯ ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ. 1098 ಎಂಬ ದೂರವಾಣಿ ಸಂಖ್ಯೆಯು ಇಂಥ ಮಕ್ಕಳ ಸಹಾಯಕ್ಕಾಗಿಯೇ ಇದೆ. ಅದನ್ನು ಪ್ರತಿ ಮಗುವಿಗೂ ಕಲಿಸಬೇಕು.

ಐದನೆಯದು, ಆಸ್ತಿಯ ಮೇರೆ. ನಮ್ಮ ದೇಶದ ಕ್ರೈಸ್ತರಿಗೆ ಸಾಮಾನ್ಯವಾಗಿ ಅನ್ವಯಿಸುವ 1925ರ ಉತ್ತರಾಧಿಕಾರದ ಕಾಯಿದೆಯ ಮೇರೆಗೆ, ಮರಣಶಾಸನವನ್ನು ಬರೆಯದೆ ಸತ್ತವನ ಆಸ್ತಿಯಲ್ಲಿ ಮೂರರಲ್ಲಿ ಒಂದು ಪಾಲು ವಿಧವೆಗೂ ಎರಡು ಪಾಲು ಅವನ ಮಕ್ಕಳಿಗೂ ಸೇರುತ್ತವೆ. ಮೊದಲನೆಯ ಹೆಂಡತಿಯ ಮಕ್ಕಳೂ ಎರಡನೆಯವಳ ಮಕ್ಕಳೂ ಅಲ್ಲಿ ಸಮಾನರು. ಆದರೆ ಹೆಂಡತಿಯ ಸಂಗಡ ಬಂದ ಮಲಮಗುವಿಗೆ ಮಲತಂದೆಯ ಆಸ್ತಿಯಲ್ಲಿ ತಾನಾಗಿ ಪಾಲು ಬಾರದು. ಕೊಡಬೇಕೆಂಬ ಮನಸ್ಸಿದ್ದವನು ಮರಣಶಾಸನವನ್ನು ಬರೆದಿಡಲಿ, ಸಾಕ್ಷಿಗಳಿಬ್ಬರು ರುಜುಹಾಕಲಿ. ಮಗುವಿಗೆ ತನ್ನ ಸ್ವಂತ ತಂದೆಯಿಂದ ಬಂದ ಭೂಮಿಯಿದ್ದರೆ ಅದರ ಲೆಕ್ಕವನ್ನು ಬೇರೆಯಾಗಿ ಇಡಬೇಕು. 1890ರ ಕಾಯಿದೆಯ ಮೇರೆಗೆ ನ್ಯಾಯಾಲಯವು ನೇಮಿಸಿದ ಪೋಷಕನು ಸಹ ಅಂಥ ಭೂಮಿಯನ್ನು ಅಪ್ಪಣೆಯಿಲ್ಲದೆ ಮಾರಕೂಡದು.

ಇಲ್ಲಿ ಒಬ್ಬರು ಆಕ್ಷೇಪಿಸಬಹುದು: “ಇದೆಲ್ಲಾ ಕೋರ್ಟು ಕಚೇರಿಯ ಮಾತಾಯಿತು. ಕಲ್ಲು, ಪಾಲು, ನೇಮ ಎಂದು ನಡೆದರೆ ಮನೆಯು ತಣ್ಣಗಾಗದೋ? ಪ್ರೀತಿಯಿಲ್ಲದ ನ್ಯಾಯವು ಕಪಟವಲ್ಲವೋ?” ಈ ಆಕ್ಷೇಪವು ಹಗುರವಾದದ್ದಲ್ಲ. ನ್ಯಾಯದಲ್ಲಿಯೇ ನಿಂತುಬಿಟ್ಟ ಮನೆಯು ಛತ್ರದಂತಿರುವದೆಂದು ನಾವೂ ಒಪ್ಪುತ್ತೇವೆ. ಆದರೆ ಪ್ರೀತಿಯಿಲ್ಲದೆ ಪ್ರೀತಿಯುಂಟೆನ್ನುವದು ಕಪಟ. ಪ್ರೀತಿಯು ಇನ್ನೂ ಎಳೆಯದಾಗಿರುವಾಗಲೂ ಮಗುವಿನ ಪಾಲನ್ನು ಕಡಿಮೆಮಾಡದಿರುವದು ಕಪಟವಲ್ಲ, ಅದು ನಂಬಿಗಸ್ತಿಕೆ. ಪ್ರತಿ ದಿವಸವೂ ಸಮನಾಗಿ ಬಡಿಸುವ ಕೈಯನ್ನು ಮಗುವು ನೋಡುತ್ತಿರುತ್ತದೆ. ಆರು ತಿಂಗಳಾದರೂ ಅದು ಏನೂ ಹೇಳದಿರಬಹುದು. ಎರಡು ವರುಷಗಳೂ ಆಗಬಹುದು. ಒಂದು ದಿವಸ ಜ್ವರ ಬಂದಾಗ ಅದು ಯಾರ ಸೆರಗನ್ನು ಹುಡುಕುತ್ತದೆಂಬದರಿಂದ ಪ್ರೀತಿಯು ಹುಟ್ಟಿತೋ ಇಲ್ಲವೋ ಎಂದು ತಿಳಿಯುವದು. ಬಿತ್ತಿದವನು ಮಣ್ಣನ್ನು ದಿನಾಲೂ ಕೆದಕಿ ಮೊಳಕೆಯನ್ನು ನೋಡುವದಿಲ್ಲ.

ಆದದರಿಂದ, ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿಯಾಗಲಿ ನೆರೆಯಲ್ಲಿಯಾಗಲಿ ಇಂಥ ಮಗುವಿದ್ದರೆ, ಅದು ಎಲ್ಲಿ ಮೇರೆಯನ್ನು ಮೀರಿತೆಂದು ಕೇಳುವದಕ್ಕಿಂತ ಮುಂಚೆ, ಅದರ ಮೇರೆಯ ಕಲ್ಲನ್ನು ಯಾರಾದರೂ ನೆಟ್ಟಿದ್ದಾರೋ ಎಂದು ಕೇಳಿರಿ. ನೆಡದಿದ್ದರೆ ಇಂದೇ ನೆಡಿರಿ. ನೆಟ್ಟಿದ್ದರೆ ನೀವೇ ಮೊದಲು ಅದನ್ನು ಕಾಯಿರಿ. ಸಭೆಯ ಹಿರಿಯರು ಎರಡನೆಯ ಮದುವೆಯ ಮಾತುಕತೆಗೆ ಕೂತಾಗ ಸೀರೆ, ಊಟ, ದಿಬ್ಬಣಗಳ ವಿಷಯವನ್ನು ಮಾತಾಡಿ ಮುಗಿಸಿದ ಮೇಲೆ, “ಈ ಮಗುವು ಎಲ್ಲಿ ಮಲಗುವದು? ಇದರ ಪಾಲು ಯಾವದು?” ಎಂದು ಇನ್ನೆರಡು ಪ್ರಶ್ನೆಗಳನ್ನು ಕೇಳಲಿ. ಅವುಗಳಿಗೆ ಉತ್ತರ ದೊರೆಯುವ ವರೆಗೆ ತಾಂಬೂಲವು ಕಾದರೂ ಚಿಂತೆಯಿಲ್ಲ.