ಹತ್ತು ಕುರ್ಚಿಯ ಮೇಜು

"ಅಂಕಲ್, ನಿಮಗೆ ಎಕ್ಸೆಲ್ ಚೆನ್ನಾಗಿ ಬರುತ್ತಲ್ಲ, ಇದನ್ನು ಸ್ವಲ್ಪ ನೋಡಿಕೊಡಿ" ಎಂದು ಪಕ್ಕದ ಮನೆಯ ಹುಡುಗಿ ಲ್ಯಾಪ್‌ಟಾಪ್ ತಂದು ನಮ್ಮ ಊಟದ ಮೇಜಿನ ಮೇಲಿಟ್ಟದ್ದು 2024ರ ಮಾರ್ಚಿನಲ್ಲಿ. ಸಿಂಗಪುರದ ತೋವಾ ಪಾಯೋದಲ್ಲಿ ಹನ್ನೊಂದು ವರ್ಷದಿಂದ ನಾವೂ ಆ ಚೀನೀ ಕುಟುಂಬವೂ ಒಂದೇ ಕಾರಿಡಾರಿನವರು. ಅವರ ಮನೆಯ ಬೆಳ್ಳುಳ್ಳಿಯ ಘಾಟು ನಮಗೆ, ನಮ್ಮ ಮನೆಯ ಇಂಗಿನ ಘಾಟು ಅವರಿಗೆ. ಅದು ಅವಳ ಮದುವೆ ಖರ್ಚಿನ ಪಟ್ಟಿ. ತಲೆಯಲ್ಲಿ ದಪ್ಪಕ್ಷರದಲ್ಲಿ 'ವೆಂಡರ್ಸ್' ಎಂದಿತ್ತು. ಕೆಳಗೆ ಇಪ್ಪತ್ತಮೂರು ಸಾಲು: ಹೋಟೆಲು, ಬ್ರೈಡಲ್ ಸ್ಟುಡಿಯೊ, ಮದುವೆ ದಿನದ ಫೋಟೋದವರು, ವಿಡಿಯೊದವರು, ಮೇಕಪ್ಪು, ಹೂವು, ನಿರೂಪಕ, ಬಾಡಿಗೆ ಕಾರು, ಕೇಕು. ಒಂದೊಂದಕ್ಕೂ ಮೂರು ಮೂರು ಹೆಸರು, ಮೂರು ಮೂರು ದರ. ನನ್ನ ಕೆಲಸ ಕೂಡಿಸುವ ಸೂತ್ರ ಹಾಕಿಕೊಡುವುದಷ್ಟೆ. ಹಾಕಿದೆ. ಬಂದ ಮೊತ್ತ ನೋಡಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತೇವೆ. ಸಿಂಗಪುರದಲ್ಲಿ ಎರಡನ್ನೂ ಒಟ್ಟಿಗೇ ಮಾಡಿ ನೋಡಬೇಕು. ಸರ್ಕಾರಿ ವಸತಿ ಮಂಡಳಿಯ ಹೊಸ ಫ್ಲ್ಯಾಟಿಗೆ ಮದುವೆ ನಿಶ್ಚಯವಾದ ಜೋಡಿ ಮೊದಲೇ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತದೆ; ಕೀಲಿ ಸಿಕ್ಕ ಮೂರು ತಿಂಗಳೊಳಗೆ ವಿವಾಹ ಪತ್ರ ತೋರಿಸಬೇಕು. ಇಲ್ಲಿನ ಹುಡುಗರು "ನನ್ನನ್ನು ಮದುವೆಯಾಗುತ್ತೀಯಾ" ಎಂದು ಕೇಳುವುದಿಲ್ಲ, "ಫ್ಲ್ಯಾಟಿಗೆ ಹಾಕೋಣವಾ" ಎಂದು ಕೇಳುತ್ತಾರೆ ಅನ್ನುವುದು ಊರೆಲ್ಲ ಆಡುವ ತಮಾಷೆ. ಈ ಜೋಡಿ ನೋಂದಣಿ ಮಾಡಿಸಿಕೊಂಡು ಆಗಲೇ ವರ್ಷವಾಗಿತ್ತು. ಕಾನೂನಿನ ಲೆಕ್ಕದಲ್ಲಿ ಗಂಡ ಹೆಂಡತಿ. ಹುಡುಗಿಯ ಅಮ್ಮನ, ಅಂದರೆ ನಾವು ಆಂಟಿ ಅನ್ನುವವರ ಲೆಕ್ಕದಲ್ಲಿ, ಇನ್ನೂ ಅಲ್ಲ. "ಅದು ಕಾಗದ. ಹಿರಿಯರಿಗೆ ಚಹಾ ಕೊಟ್ಟ ಮೇಲೆ ಮದುವೆ" ಎಂದಿದ್ದರು. ಆ ಚಹಾ ಶಾಸ್ತ್ರಕ್ಕೆ ಬೇಕಾದ್ದು ಒಂದು ಪಾಟು, ಕೆಂಪು ಬಟ್ಟಲುಗಳು, ಒಣಗಿದ ಕೆಂಪು ಎಲಚಿ ಹಣ್ಣು, ತಾವರೆ ಬೀಜ. ಪಟ್ಟಿಯಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ.

ದಿನ ಗೊತ್ತು ಮಾಡುವುದಕ್ಕೂ ವೆಂಡರ್ ಬೇಕಾಗಲಿಲ್ಲ, ಹುಡುಗನ ಅಜ್ಜಿ ಇದ್ದರು. ಚೀನೀ ಪಂಚಾಂಗದಲ್ಲಿ ಆಗ ನಡೆಯುತ್ತಿದ್ದ ಡ್ರ್ಯಾಗನ್ ವರ್ಷದಲ್ಲಿ ವಸಂತಾರಂಭದ ದಿನವೇ ಇರಲಿಲ್ಲ. ವರ್ಷ ಹುಟ್ಟಿದ್ದು 2024ರ ಫೆಬ್ರುವರಿ 10ಕ್ಕೆ. ವಸಂತಾರಂಭ ಫೆಬ್ರುವರಿ 4ಕ್ಕೇ ಆಗಿಹೋಗಿತ್ತು, ಮುಂದಿನದು ಬರುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಅಂಥದ್ದಕ್ಕೆ ವಿಧವೆ ವರ್ಷ ಎಂದು ಹೆಸರು. ಅದರ ಬೆನ್ನಿಗೆ ಬರುವ ಹಾವಿನ ವರ್ಷದಲ್ಲಿ ಎರಡು ವಸಂತ, ಮದುವೆಗೆ ಪ್ರಶಸ್ತ. ಅದರಲ್ಲೂ ಏಳನೇ ಚಾಂದ್ರಮಾಸ ಬೇಡ, ಅದು ಪ್ರೇತಗಳು ಭೂಮಿಗೆ ಇಳಿಯುವ ತಿಂಗಳು. ನಮ್ಮ ಆಷಾಢವನ್ನೂ ಪಿತೃಪಕ್ಷವನ್ನೂ ಒಟ್ಟಿಗೆ ಕಟ್ಟಿದ ಹಾಗೆ. ಆ ತಿಂಗಳು ಹೋಟೆಲುಗಳು ದರ ಇಳಿಸುತ್ತವೆ. ಹುಡುಗಿ ಆ ದರವನ್ನೂ ಆಸೆಯಿಂದ ಬರೆದಿಟ್ಟುಕೊಂಡಿದ್ದಳು. ಅಜ್ಜಿಯ ಕಿವಿಗೆ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. 2025ರ ನವೆಂಬರ್ ಎಂದು ನಿಂತಿತು.

ನಾನೂ ಒಂದು ಸಲಹೆ ಕೊಟ್ಟೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಇಲ್ಲಿನ ಬ್ಲಾಕುಗಳ ಬುಡದಲ್ಲಿ ಗೋಡೆಯಿಲ್ಲದ ದೊಡ್ಡ ಜಾಗ ಬಿಟ್ಟಿರುತ್ತಾರೆ, ವಾಯ್ಡ್ ಡೆಕ್ ಅನ್ನುತ್ತಾರೆ. ಮಲಯ್ ಕುಟುಂಬದವರು ಅಲ್ಲೇ ಬಣ್ಣದ ಬಟ್ಟೆ ಕಟ್ಟಿ, ಮೇಜು ಹಾಕಿ, ಸಾವಿರ ಜನಕ್ಕೆ ಊಟ ಹಾಕಿ ಮದುವೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ. ನಮ್ಮೂರಿನ ಚಪ್ಪರದ ಮದುವೆ ನೆನಪಾಗುತ್ತಿತ್ತು. "ಹೋಟೆಲು ಯಾಕೆ ಆಂಟಿ, ಕೆಳಗೇ ಮಾಡಿಬಿಡಿ" ಅಂದೆ. ಆಂಟಿಯ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದರು. ಹುಡುಗಿ ತಗ್ಗಿದ ದನಿಯಲ್ಲಿ ಹೇಳಿದಳು: ಚೀನೀಯರು ಅಲ್ಲಿ ಶವಪೆಟ್ಟಿಗೆ ಇಡುತ್ತಾರೆ. ಮೂರೋ ಐದೋ ದಿನ ಜಾಗರಣೆ ಕೂತು, ಅಲ್ಲಿಂದಲೇ ಸಾಗಿಸುತ್ತಾರೆ. ಅವಳ ತಾತನನ್ನೂ ಅಲ್ಲಿಯೇ ಇಟ್ಟಿದ್ದರಂತೆ. ಸಿಮೆಂಟು ನೆಲ ಒಂದೇ. ಒಬ್ಬರಿಗೆ ಹಸೆಮಣೆ, ಇನ್ನೊಬ್ಬರಿಗೆ ಚಟ್ಟ. ಪಕ್ಕದಲ್ಲಿ ಹನ್ನೊಂದು ವರ್ಷ ಬಾಳಿಯೂ ನನಗೆ ಇಷ್ಟು ತಿಳಿದಿರಲಿಲ್ಲ.

ಸ್ಟುಡಿಯೊದ ಕತೆ ಬೇಗ ಹೇಳಿ ಮುಗಿಸುತ್ತೇನೆ. ತಾಂಜೊಂಗ್ ಪಾಗಾರ್ ರಸ್ತೆಯ ಹಳೇ ಅಂಗಡಿಮನೆಗಳ ಸಾಲಿನಲ್ಲಿ ಬಿಳಿ ಗೌನು ತೊಟ್ಟ ಬೊಂಬೆಗಳು ಗಾಜಿನ ಹಿಂದೆ ನಿಂತಿರುತ್ತವೆ. ಅಲ್ಲೊಂದು ಕಡೆ ಗೌನಿನ ಬಾಡಿಗೆ, ಮದುವೆಗೆ ಮುಂಚಿನ ಫೋಟೋ, ಆಲ್ಬಮ್ ಎಲ್ಲ ಸೇರಿ ಒಂದೇ ಪ್ಯಾಕೇಜು. ಈ ದರ ಇವತ್ತು ಸಂಜೆಯವರೆಗೆ ಮಾತ್ರ ಅಂದರು. ಹುಡುಗಿ ಮುಂಗಡ ಕೊಟ್ಟಳು. ಪ್ಯಾಕೇಜಿನಲ್ಲಿ ಮೂವತ್ತು ಫೋಟೋ. ತೆಗೆದದ್ದು ಇನ್ನೂರಕ್ಕೂ ಹೆಚ್ಚು. ಎಲ್ಲವನ್ನೂ ಕತ್ತಲೆ ಕೋಣೆಯಲ್ಲಿ ದೊಡ್ಡ ಪರದೆಯ ಮೇಲೆ, ಹಾಡು ಹಾಕಿ ತೋರಿಸಿ, ಮೂವತ್ತು ಆರಿಸಿಕೊಂಡ ಮೇಲೆ "ಉಳಿದದ್ದು ಅಳಿಸಿಬಿಡಲಾ?" ಎಂದು ಕೇಳಿದರಂತೆ. ಇನ್ನೂ ಇಪ್ಪತ್ತೆರಡಕ್ಕೆ ದುಡ್ಡು ಕೊಟ್ಟು ಬಂದಳು. ಅವಳು ಕೊಂಡದ್ದು ಫೋಟೋಗಳನ್ನಲ್ಲ, ಆ ಅಳಿಸುವ ಗುಂಡಿ ಒತ್ತದಿರಲಿ ಎಂದು ಕಪ್ಪ ಕೊಟ್ಟಳು.

ಚೀನಾದಲ್ಲಿ ಮದುವೆಯ ನಿರೂಪಕ, ಮೇಕಪ್ಪಿನವರು, ಫೋಟೋದವರು, ವಿಡಿಯೊದವರು ಈ ನಾಲ್ವರನ್ನು ಸೇರಿಸಿ ನಾಲ್ಕು ವಜ್ರಪಾಲಕರು ಎಂದು ಕರೆಯುತ್ತಾರೆ. ಬೌದ್ಧ ದೇವಾಲಯದ ಹೆಬ್ಬಾಗಿಲಲ್ಲಿ ಕಣ್ಣು ಕೆಕ್ಕರಿಸಿ ನಿಂತಿರುವ ದ್ವಾರಪಾಲಕರ ಹೆಸರು ಅದು. ಹೆಸರಿಟ್ಟವರಿಗೆ ಹಾಸ್ಯ ಚೆನ್ನಾಗಿ ಗೊತ್ತಿತ್ತು: ಒಳಗಿರುವ ದೇವರನ್ನು ನೋಡಬೇಕಾದರೆ ಮೊದಲು ಇವರನ್ನು ದಾಟಬೇಕು.

ಹೋಟೆಲಿನ ಸಾಲಿಗೆ ಬಂದಾಗ ಪಟ್ಟಿ ನಿಂತೇ ಹೋಯಿತು. ಚೀನೀ ಮದುವೆ ಊಟದ ಲೆಕ್ಕ ಎಲೆಯದಲ್ಲ, ಮೇಜಿನದು. ಗುಂಡು ಮೇಜು, ಹತ್ತು ಕುರ್ಚಿ, ಒಂದಾದ ಮೇಲೊಂದು ಎಂಟು ಬಗೆ. ಸಮುದ್ರದ ಕಡೆಯ ಒಂದು ಹೋಟೆಲು ಶನಿವಾರ ರಾತ್ರಿಗೆ ಮೇಜಿಗೆ 1,600 ಡಾಲರ್ ಹೇಳಿತ್ತು, ಅದರ ಮುಂದೆ ಎರಡು ಕೂಡು ಚಿಹ್ನೆ. ಇದಕ್ಕೆ ಇಲ್ಲಿಯವರು ಪ್ಲಸ್ ಪ್ಲಸ್ ಅನ್ನುತ್ತಾರೆ. ಮೊದಲ ಪ್ಲಸ್ ಶೇ 10ರ ಸೇವಾ ಶುಲ್ಕ. ಎರಡನೆಯದು ಅದನ್ನೂ ಸೇರಿಸಿದ ಮೊತ್ತದ ಮೇಲೆ ಜಿಎಸ್‌ಟಿ, 2024ರ ಜನವರಿಯಿಂದ ಶೇ 9. ಸೂತ್ರ ಹಾಕಿದೆ: 1,918 ಡಾಲರ್ 40 ಸೆಂಟು. ಒಂದು ಕುರ್ಚಿಗೆ 192.

"ಹಾಗಾದರೆ ಆಂಗ್ ಪಾವ್ ಇನ್ನೂರು" ಅಂದಳು ಹುಡುಗಿ, ಸಂಜೆ ಮಳೆ ಬರಬಹುದು ಅನ್ನುವಷ್ಟು ಸಹಜವಾಗಿ.

ಆಂಗ್ ಪಾವ್ ಎಂದರೆ ಮದುವೆಗೆ ಬಂದವರು ಕೊಡುವ ಕೆಂಪು ಲಕೋಟೆ. ಒಳಗೆ ಎಷ್ಟಿರಬೇಕು ಎಂಬುದಕ್ಕೆ ಸಿಂಗಪುರದಲ್ಲಿ ಬರೆಯದ ಕಾಯಿದೆಯೊಂದಿದೆ: ನೀನು ಕೂತ ಕುರ್ಚಿಯ ಖರ್ಚು ನಿನ್ನ ಲಕೋಟೆಯಿಂದ ಹುಟ್ಟಬೇಕು. ಯಾವ ಹೋಟೆಲು, ಮಧ್ಯಾಹ್ನವೋ ರಾತ್ರಿಯೋ, ವಾರದ ದಿನವೋ ಶನಿವಾರವೋ ನೋಡಿ ಇಷ್ಟಿಷ್ಟು ಎಂದು ಸೂಚಿಸುವ ಪಟ್ಟಿಗಳು ಫೋನಿನಿಂದ ಫೋನಿಗೆ ಓಡಾಡುತ್ತವೆ. ಕರೆಯೋಲೆ ಕೈಗೆ ಬಂದವರು ಹೆಣ್ಣು ಗಂಡಿನ ಹೆಸರಿಗಿಂತ ಮೊದಲು ಹೋಟೆಲಿನ ಹೆಸರು ಓದುತ್ತಾರೆ.

ಕೇಳಿ ನನಗೆ ಒಂಥರಾ ಆಯಿತು. ಊಟಕ್ಕೆ ಕರೆದು ಬಿಲ್ಲು ಕೊಡುವುದೇ? ನಮ್ಮ ಮಂಡ್ಯ ಕಡೆ ಚಪ್ಪರದ ಬಾಗಿಲಲ್ಲಿ ಶಾಲೆಯ ಮೇಷ್ಟ್ರು ನೋಟ್ ಪುಸ್ತಕ ಹಿಡಿದು ಮುಯ್ಯಿ ಬರೆಯಲು ಕೂತಿರುತ್ತಿದ್ದರು, ನಿಜ. ಆದರೆ ಮುಯ್ಯಿಯ ಮೊತ್ತ ಹುಟ್ಟುತ್ತಿದ್ದುದು ಎರಡು ಮನೆಗಳ ನಡುವಿನ ಹಳೇ ಲೆಕ್ಕದಿಂದ. ಅವರು ನಮ್ಮ ಅಣ್ಣನ ಮದುವೆಗೆ ಹನ್ನೊಂದು ರೂಪಾಯಿ ಹಾಕಿದ್ದರೆ ಅವರ ಮಗಳ ಮದುವೆಗೆ ನಾವು ಇಪ್ಪತ್ತೊಂದು. ಪಾಯಸಕ್ಕೆ ಎಷ್ಟು ಗೋಡಂಬಿ ಬಿದ್ದಿದೆ ಎಂದು ಯಾರೂ ನೋಡುತ್ತಿರಲಿಲ್ಲ. ಹೀಗೆಲ್ಲ ಮನಸ್ಸಿನಲ್ಲೇ ನಮ್ಮ ಊರನ್ನು ಎತ್ತಿ ಕೂರಿಸುತ್ತಿದ್ದೆ.

ಆಮೇಲೆ, ರಾತ್ರಿ ನಿದ್ದೆ ಬಾರದಾಗ, ಬೇರೊಂದು ನೆನಪು ಬಂತು. 1989ರಲ್ಲಿ ಅಕ್ಕನ ಮದುವೆಗೆ ಅಪ್ಪ ಮಾಡಿದ ಸಾಲ ತೀರಲು ಆರು ವರ್ಷ ಹಿಡಿಯಿತು. ಸಾವಿರ ಎಲೆ ಹಾಕಿಸಿದ್ದರು. ಉಂಡವರೆಲ್ಲ ಹನ್ನೊಂದು, ಇಪ್ಪತ್ತೊಂದು ಬರೆಸಿ, ಹೋಳಿಗೆ ಚೆನ್ನಾಗಿತ್ತು ಎಂದು ಎಲೆ ಅಡಿಕೆ ಹಾಕಿಕೊಂಡು ಹೋದರು. ನನ್ನ ಪಿಯುಸಿ ಪುಸ್ತಕಗಳು ಸೆಕೆಂಡ್ ಹ್ಯಾಂಡ್ ಬಂದದ್ದು ಆ ಹೋಳಿಗೆಯಿಂದಲೇ. ಇಲ್ಲಿನ ಲೆಕ್ಕದಲ್ಲಿ ಮಗಳ ಮದುವೆ ಮಾಡಿದ ಅಪ್ಪ ಮರುದಿನ ಸಾಲಗಾರನಾಗಿ ಏಳುವುದಿಲ್ಲ. ಮುನ್ನೂರು ಜನ ಸೇರಿ ಒಂದು ರಾತ್ರಿಯ ಭಾರ ಎತ್ತುತ್ತಾರೆ. ನಾನು ಒರಟು ಎಂದುಕೊಂಡದ್ದರಲ್ಲಿ ಒಂದು ಚೀಟಿಯ ನ್ಯಾಯವಿತ್ತು.

ಆದರೆ ಅದರಲ್ಲಿ ಒಂದು ಕೊಕ್ಕೆಯೂ ಇದೆ, ಅದನ್ನು ತೋರಿಸಿದವರು ಹುಡುಗಿಯ ಅಪ್ಪ. ಮೂವತ್ತೊಂದು ವರ್ಷ ಟ್ಯಾಕ್ಸಿ ಓಡಿಸಿದ ಮನುಷ್ಯ, ಮಾತು ಕಡಿಮೆ. ಮಾರನೇ ಸಂಜೆ ಲ್ಯಾಪ್‌ಟಾಪ್ ಸುತ್ತ ಎಲ್ಲರೂ ಕೂತಿದ್ದಾಗ ಟಿವಿಯಿಂದ ಕಣ್ಣು ತೆಗೆಯದೆ "ಆ ಹೋಟೆಲು ಬೇಡ" ಅಂದರು. ಯಾಕೆ ಎಂದದ್ದಕ್ಕೆ, "ನನ್ನ ಜೊತೆ ಟ್ಯಾಕ್ಸಿ ಓಡಿಸಿದವರು ಹದಿನೈದು ಜನ. ಹೆಂಡಿರನ್ನು ಕರೆದುಕೊಂಡು ಬರುತ್ತಾರೆ. ಕಡಿಮೆ ಹಾಕು ಅಂದರೆ ಹಾಕುವವರಲ್ಲ. ಒಂದೊಂದು ಮನೆಗೆ ನಾನೂರು ಡಾಲರ್. ಇಲ್ಲವಾದರೆ ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿಯುತ್ತಾರೆ. ನನಗೆ ಎರಡೂ ಬೇಡ."

ಹುಡುಗಿ ಮೊದಲು ಸಿಟ್ಟಾದಳು. ಅವರಿಗೆ ಆಂಗ್ ಪಾವ್ ಬೇಡವೆಂದು ನಾನೇ ಹೇಳುತ್ತೇನೆ ಅಂದಳು. ಅಪ್ಪ ಉತ್ತರ ಕೊಡಲಿಲ್ಲ. ಬೇಡ ಎಂದು ಹೇಳಿಸಿಕೊಂಡು ಬಂದು ಉಣ್ಣುವ ಸ್ನೇಹಿತ ಇನ್ನು ಸ್ನೇಹಿತನಾಗಿ ಉಳಿಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅದಕ್ಕೇ ಸಿಟ್ಟು.

ಆ ಇಪ್ಪತ್ತಮೂರು ಸಾಲುಗಳನ್ನು ನಾವು ಅಲ್ಲಿಯವರೆಗೆ ನೋಡಿದ್ದು ಕೊಳ್ಳುವವರ ಕಣ್ಣಿನಿಂದ. ಯಾರ ಕೆಲಸ ಅಚ್ಚುಕಟ್ಟು, ಯಾರ ದರ ಕಡಿಮೆ, ಯಾರು ಮುಂಗಡ ನುಂಗಿ ಓಡಿಹೋಗುವುದಿಲ್ಲ. ಇವೆಲ್ಲ ನೋಡಲೇಬೇಕಾದವು. ಆದರೆ ಮದುವೆಯಲ್ಲಿ ಆರಿಸುವವನೊಬ್ಬ, ತೆರುವವನೊಬ್ಬ. ಹೋಟೆಲು ಆರಿಸಿದ ದಿನವೇ ಯಾರು ನಿರಾಳವಾಗಿ ಬರಬಹುದು, ಯಾರು ತಿಂಗಳ ಖರ್ಚು ಹಿಂಡಿ ಬರಬೇಕು, ಯಾರು ಸುಳ್ಳು ಹೇಳಬೇಕು ಎಂಬುದೂ ತೀರ್ಮಾನವಾಗಿಬಿಡುತ್ತದೆ. ಅತಿಥಿಗಳ ಪಟ್ಟಿಯನ್ನು ಆಂಟಿ ಬರೆಯುತ್ತಿದ್ದರು ಅಂದುಕೊಂಡಿದ್ದೆವು. ಅದನ್ನು ಅರ್ಧ ಬರೆಯುವವನು ಹೋಟೆಲಿನ ಮ್ಯಾನೇಜರು. ಬೆಂಗಳೂರಿನಲ್ಲಿ ರೆಸಾರ್ಟ್ ಮದುವೆಗೆ ಕರೆಯೋಲೆ ಬಂದಾಗ ನನ್ನ ಚಿಕ್ಕಪ್ಪ "ಅಲ್ಲಿಗೆ ಯಾವ ಬಸ್ಸು ಹೋಗುತ್ತೆ?" ಎಂದು ಕೇಳಿ, ಕೊನೆಗೆ ಹೋಗದೇ ಉಳಿದದ್ದು ಆಗ ಬೇರೆ ರೀತಿ ಅರ್ಥವಾಯಿತು.

ಅಪ್ಪನದೇ ಸರಿ ಎಂದು ನಾನು ಪೂರ್ತಿ ಹೇಳಲಾರೆ. ಮಗಳಿಗೆ ಸಮುದ್ರ ಕಾಣುವ ಹಾಲಿನಲ್ಲಿ ಮದುವೆಯಾಗಬೇಕೆಂದು ಆಸೆಯಿತ್ತು. ಅವಳ ಆಫೀಸಿನವರಿಗೆ ಇನ್ನೂರು ಡಾಲರ್ ದೊಡ್ಡದಲ್ಲ. ಹದಿನೈದು ಜನ ಮುದುಕರಿಗಾಗಿ ಅವಳು ತನ್ನ ದಿನವನ್ನು ಕುಗ್ಗಿಸಿಕೊಂಡಳು. ಅಳಿಸಿದ ಆ ಸಾಲಿನ ಮೇಲೆ ಅವಳ ಕರ್ಸರ್ ಎಷ್ಟು ಹೊತ್ತು ಮಿನುಗುತ್ತಾ ನಿಂತಿತ್ತು ಎಂಬುದನ್ನು ನೋಡಿದವನು ನಾನೊಬ್ಬನೇ.

ಕೊನೆಗೆ ಸಿಕ್ಕಿದ್ದು ಟಿಯೊಚಿಯು ಶೈಲಿಯ ಚೀನೀ ಅಡುಗೆಯ ಒಂದು ಹಳೇ ರೆಸ್ಟೋರೆಂಟು, ಭಾನುವಾರ ಮಧ್ಯಾಹ್ನ, ಮೇಜಿಗೆ 900 ಪ್ಲಸ್ ಪ್ಲಸ್. ಕುರ್ಚಿಗೆ 108. ಅಲ್ಲಿ ಹುಡುಗಿ ಒಂದು ಹಟ ಮಾತ್ರ ಬಿಡಲಿಲ್ಲ: ಶಾರ್ಕ್ ರೆಕ್ಕೆಯ ಸೂಪು ಬೇಡ. ಹಳೇ ಕಾಲದವರಿಗೆ ಅದಿಲ್ಲದ ಮದುವೆ ಜಿಪುಣರ ಮದುವೆ. ಶಾಂಗ್ರಿ-ಲಾ ಹೋಟೆಲುಗಳು 2012ರಲ್ಲೇ ಅದನ್ನು ನಿಲ್ಲಿಸಿದವು ಎಂದು ಅವಳು ವಾದಿಸಿದಳು. "ಅಲ್ಲಿಗೆ ಹೋಗದವರಿಗೆ ಅಲ್ಲಿನ ಕಾಯಿದೆ ಯಾಕೆ?" ಎಂದು ಆಂಟಿ ಕೇಳಿದರು, ಆದರೆ ಸೋತರು.

ಮದುವೆಯ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಲಕೋಟೆಗೆ ಇನ್ನೂರೈವತ್ತೊಂದು ಡಾಲರ್ ಹಾಕಿದೆ. ಪಾಲಿಟೆಕ್ನಿಕ್ಕಿನಲ್ಲಿ ಓದುವ ಮಗ ಹೌಹಾರಿದ. "ಅಪ್ಪಾ, ಬೆಸ ಸಂಖ್ಯೆ ಸಾವಿನ ಮನೆಗೆ!" ಆ ಒಂದು ಡಾಲರ್ ನಾಣ್ಯ ತೆಗೆದೆ. "ಇನ್ನೂರೈವತ್ತೂ ಬೇಡ, ಮ್ಯಾಂಡರಿನ್‌ನಲ್ಲಿ ಇನ್ನೂರೈವತ್ತು ಅಂದರೆ ಪೆದ್ದ ಅಂತ." ಕೊನೆಗೆ 268 ಎಂದು ಅವನೇ ಎಣಿಸಿ ಹಾಕಿ ಅಂಟಿಸಿದ.

ರೆಸ್ಟೋರೆಂಟಿನಲ್ಲಿ ಮೂರನೇ ಮೇಜಿನ ಪಕ್ಕ ಐದನೇ ಮೇಜು. ಚೀನೀ ಭಾಷೆಯಲ್ಲಿ ಸಾವಿನ ಸದ್ದಿರುವ ನಾಲ್ಕು ಅಲ್ಲಿರಲಿಲ್ಲ. ಟ್ಯಾಕ್ಸಿಯವರು ಹದಿನೈದಕ್ಕೆ ಹದಿನೈದೂ ಜನ, ಹೆಂಡಿರ ಸಮೇತ ಬಂದಿದ್ದರು. ಮೂರು ಮೇಜು ಭರ್ತಿ. ಲೋಟ ಎತ್ತಿ ಉಸಿರು ಮುಗಿಯುವವರೆಗೆ "ಯಾಆಆಮ್ ಸೆಂಗ್" ಎಂದು ಕೂಗುವುದಿದೆಯಲ್ಲ, ಆ ಮೂರು ಮೇಜಿನ ಕೂಗು ಮಿಕ್ಕವರು ನಿಲ್ಲಿಸಿದ ಮೇಲೂ ನಡೆದೇ ಇತ್ತು. ಹುಡುಗಿಯ ಅಪ್ಪ ಅವರ ನಡುವೆ ನಿಂತಿದ್ದರು, ಕತ್ತಿನ ನರ ಉಬ್ಬಿಸಿಕೊಂಡು.

ರಾತ್ರಿ ಕಸ ಹಾಕಲು ಹೊರಬಂದಾಗ ಅವರ ಬಾಗಿಲು ತೆರೆದಿತ್ತು. ಆಂಟಿ ಮೇಜಿನ ಮೇಲೆ ಕೆಂಪು ಲಕೋಟೆಗಳನ್ನು ಹರಡಿಕೊಂಡು ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದರು. ನನ್ನನ್ನು ಕರೆದು, ನಿಮ್ಮ ಹೆಸರು ಚೀನೀ ಅಕ್ಷರದಲ್ಲಿ ಹೇಗೆ ಬರೆಯಲಿ ಎಂದು ಕೇಳಿದರು. ನನಗೇನು ಗೊತ್ತು. ತುಸು ಯೋಚಿಸಿ ಎರಡೇ ಅಕ್ಷರ ಬರೆದರು, 'ಪಕ್ಕದ ಮನೆ' ಎಂದು ಅರ್ಥವಂತೆ. ಅದರ ಮುಂದೆ 268. ನಿಮ್ಮ ಮಗನ ಮದುವೆ ಯಾವಾಗ, ಯಾವ ಹೋಟೆಲಿನಲ್ಲಿ ಎಂದರು. ಅವನಿನ್ನೂ ಓದುತ್ತಿದ್ದಾನೆ ಆಂಟಿ, ಹತ್ತು ವರ್ಷವಾದರೂ ಬೇಕು ಎಂದೆ.

"ಆಗಲಿ, ಪುಸ್ತಕ ಎಲ್ಲಿಗೆ ಹೋಗುತ್ತೆ" ಅಂದರು.