ಗುದ್ದಲಿ ಹಿಡಿದ ಭಿಕ್ಷುಗಳು

ಬೌದ್ಧ ಭಿಕ್ಷು ನೆಲ ಅಗೆಯುವಂತಿಲ್ಲ. ಮಣ್ಣೊಳಗಿನ ಜೀವಿಗಳು ಸಾಯುತ್ತವೆ. ಭಿಕ್ಷುಗಳ ಶಿಸ್ತಿನ ಸಂಹಿತೆಯಾದ ‘ವಿನಯ’ದ ನಿಯಮವಿದು. ಆದರೆ ಹೊಟ್ಟೆಪಾಡು?

1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಾಗ ಟಿಬೆಟನ್ ನಿರಾಶ್ರಿತರು ಕಾಡು ಕಡಿದರು, ಆನೆಗಳ ಕಾಟ ಸಹಿಸಿ ಮುಸುಕಿನ ಜೋಳ ಬೆಳೆದರು. ಚಳಿನಾಡಿನಲ್ಲಿ ಬಾರ್ಲಿ ಉಂಡು ಬೆಳೆದ ಜನ! ಹತ್ತು ವರ್ಷದ ಹೊತ್ತಿಗೆ ಬಂಗಾಳದ ಬಕ್ಸಾ ನಿರಾಶ್ರಿತ ಶಿಬಿರದಿಂದ ಟಿಬೆಟ್‌ನ ಸೆರಾ ಮಠದ ಭಿಕ್ಷುಗಳೂ ಬಂದರು. ತರ್ಕಶಾಸ್ತ್ರದ ಪಂಡಿತರು ಗುದ್ದಲಿ ಹಿಡಿದರು.

ಇದು ನಿಯಮಭಂಗವೇ? ಬೌದ್ಧರ ಪ್ರಕಾರ ಕರ್ಮದ ತೂಕವಿರುವುದು ಸಂಕಲ್ಪದಲ್ಲಿ. ಎರೆಹುಳು ಸಾಯಲೆಂದು ಯಾರೂ ಉಳುವುದಿಲ್ಲ. ಸಾಯುತ್ತದೆಂದು ಗೊತ್ತಿದ್ದೇ ಉಳುತ್ತಾರೆ ಎಂಬುದೂ ನಿಜ. ಹಾಗಾಗಿ ಈ ಸಮಾಧಾನ ಅರ್ಧ ಮಾತ್ರ.

ಆದರೆ ರೈತ ಬೆಳೆದದ್ದನ್ನು ಭಿಕ್ಷೆಯಾಗಿ ಪಡೆದು, ಪಾಪವನ್ನು ಅವನ ತಲೆಗೇ ಬಿಡುವುದು ಯಾವ ಶುದ್ಧಿ? ಈ ವಿಷಯದಲ್ಲಿ ಬೈಲಕುಪ್ಪೆಯ ಭಿಕ್ಷುಗಳೇ ಹೆಚ್ಚು ಪ್ರಾಮಾಣಿಕರು.