ಕಾರಣ ಹೇಳುವ ಋಣ



ಉಮರ್ಗಾದಿಂದ ಬಸವಕಲ್ಯಾಣಕ್ಕಾಗಲಿ, ಉದಗೀರದಿಂದ ಬೀದರಿಗಾಗಲಿ ಹೋಗುವ ಕನ್ನಡಿಗ ದಾರಿಯಲ್ಲೊಂದು ಗಡಿ ದಾಟುತ್ತಾನೆ. ಈಚೆ ಅವನು ಭಾಷಾ ಅಲ್ಪಸಂಖ್ಯಾತ, ಆಚೆ ಬಹುಸಂಖ್ಯಾತ. 1956ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯ ತಾಲೂಕುಗಳು. ಹಾಗಾದರೆ ಅಲ್ಪಸಂಖ್ಯಾತ ಯಾರೆಂದು ಅಳೆಯುವುದು ಎಲ್ಲಿ? ರಾಜ್ಯದಲ್ಲೋ, ಇಡೀ ದೇಶದಲ್ಲೋ?

ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 31ರಂದು, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ, ಇದಕ್ಕೆ ಉತ್ತರ ಕೊಟ್ಟಿತು. ಕೇಳಿದವರು 11 ನ್ಯಾಯಮೂರ್ತಿಗಳು. ಆರು ಮಂದಿಯ ಪರವಾಗಿ ಮುಖ್ಯ ನ್ಯಾಯಮೂರ್ತಿ ಕಿರ್ಪಾಲ್ ಬರೆದರು: ಸಂವಿಧಾನದ 30ನೇ ವಿಧಿಯ ಹಕ್ಕಿಗೆ ಧರ್ಮವಾಗಲಿ ಭಾಷೆಯಾಗಲಿ, ಅಳತೆ ರಾಜ್ಯವೇ. ನ್ಯಾಯಮೂರ್ತಿ ರೂಮಾ ಪಾಲ್ ಒಪ್ಪಲಿಲ್ಲ. ಯಾವ ಕಾನೂನಿನಿಂದ ರಕ್ಷಣೆ ಬೇಕೋ ಆ ಕಾನೂನಿನ ವ್ಯಾಪ್ತಿಯೇ ಅಳತೆ ಎಂದು ಅವರು ಬೇರೆಯಾಗಿ ಬರೆದರು. ಒಟ್ಟು ಐದು ಬರಹಗಳಾದವು.

ನ್ಯಾಯಾಲಯ ಒಂದೇ ದನಿಯಲ್ಲಿ ಮಾತಾಡಬಾರದೇ? ಈ ಆಕ್ಷೇಪದಲ್ಲಿ ಹುರುಳಿದೆ. ಕಾಲೇಜು ಪ್ರವೇಶ, ಶುಲ್ಕದ ವಿಷಯದಲ್ಲಿ ಆ ತೀರ್ಪನ್ನು ಒಬ್ಬೊಬ್ಬರು ಒಂದೊಂದು ರೀತಿ ಓದಿದರು. ಅದನ್ನು ವಿವರಿಸಲು 2003ರಲ್ಲಿ ಐವರ ಪೀಠ ಬೇಕಾಯಿತು. 2005ರಲ್ಲಿ ಇನಾಮ್‌ದಾರ್ ಮತ್ತು ಮಹಾರಾಷ್ಟ್ರ ಸರ್ಕಾರದ ಮೊಕದ್ದಮೆಯಲ್ಲಿ ಏಳು ಮಂದಿ ಮತ್ತೆ ಕುಳಿತರು. ಗೊಂದಲದ ಭಾರ ಹೊತ್ತವರು ವಿದ್ಯಾರ್ಥಿಗಳು.

ಆದರೂ ಭಿನ್ನಮತವನ್ನು ಮುಚ್ಚಿಡುವುದು ಇನ್ನೂ ದುಬಾರಿ. ಬಹುಮತವಿಲ್ಲದೆ ತೀರ್ಪಿಲ್ಲ, ಆದರೆ ಒಪ್ಪದವರು ತಮ್ಮ ಅಭಿಪ್ರಾಯ ನೀಡಲು ಅಡ್ಡಿಯಿಲ್ಲ ಎನ್ನುತ್ತದೆ 145ನೇ ವಿಧಿ. 1976ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರು ಬಿಡುಗಡೆ ಕೋರಿ ಕೋರ್ಟಿಗೆ ಬರುವಂತಿಲ್ಲ ಎಂದು ನಾಲ್ವರು ಹೇಳಿದಾಗ, ಎಚ್.ಆರ್. ಖನ್ನಾ ಒಬ್ಬರೇ ವಿರುದ್ಧ ಬರೆದರು. ಮರುವರ್ಷ ಅವರಿಗಿಂತ ಕಿರಿಯರೊಬ್ಬರು ಮುಖ್ಯ ನ್ಯಾಯಮೂರ್ತಿಯಾದರು, ಖನ್ನಾ ರಾಜೀನಾಮೆ ಕೊಟ್ಟರು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖನ್ನಾ ಹೇಳಿದ್ದೇ ಸರಿ ಎಂದಿತು. ಬರೆದಿಡದಿದ್ದರೆ ಮರಳಿ ಓದಲು ಏನಿರುತ್ತಿತ್ತು?

ಕಾರಣವಿಲ್ಲದ ಆಜ್ಞೆ ವಿಧೇಯತೆಯನ್ನಷ್ಟೇ ಕೇಳುತ್ತದೆ. ಕಾರಣ ಕೊಟ್ಟಾಗ ಸೋತವನನ್ನೂ ಯೋಚಿಸಬಲ್ಲ ಮನುಷ್ಯನೆಂದು ಗೌರವಿಸಿದಂತೆ. ಬರೆದವರನ್ನೂ ಅದು ಕಟ್ಟಿಹಾಕುತ್ತದೆ: ಇಂದು ಒಬ್ಬರಿಗೆ ಕೊಟ್ಟ ಕಾರಣ ನಾಳೆ ಇನ್ನೊಬ್ಬರಿಗೂ ಸಲ್ಲಬೇಕು. ಹಾಗೆಂದು ಸಣ್ಣ ಭೇದಕ್ಕೆಲ್ಲ ಬೇರೆ ಬರಹ ಬೇಕಿಲ್ಲ. ಮನಸ್ಸಾಕ್ಷಿ ಒಪ್ಪದಿದ್ದಾಗ, ಒಬ್ಬರ ಹಕ್ಕು ಹೋಗುವಾಗ ಬೇಕು.

ನಮ್ಮದು ಹಲವು ಭಾಷೆಗಳ ಧರ್ಮಪ್ರಾಂತ್ಯ. ಕನ್ನಡ ಬಲಿಪೂಜೆ ಯಾವ ಭಾನುವಾರ, ಧರ್ಮೋಪದೇಶ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಗಳು ಎಲ್ಲಿ ಬಂದರೂ ನಡಾವಳಿ ಪುಸ್ತಕದಲ್ಲಿ ‘ತೀರ್ಮಾನಿಸಲಾಯಿತು’ ಎಂಬ ಒಂದೇ ಪದ ಸಾಲದು. ಏಕೆ ಎಂದು ಎರಡು ಸಾಲು, ಒಪ್ಪದವರ ಮಾತು ಒಂದು ಸಾಲು ಇರಲಿ. ಕೈಯೆತ್ತಿ ಎಣಿಸಿದರೆ ಕಡಿಮೆ ಇರುವವರು ಪ್ರತಿಸಲವೂ ಸೋಲುತ್ತಾರೆ. ಕಾರಣ ಬರೆದಿದ್ದರೆ, ಆ ಕಾರಣ ಬದಲಾದ ದಿನ ಅವರು ಮತ್ತೆ ಕೇಳಬಹುದು.